ಒಂದೇ ಹಾಳೆಯ ಎರಡು ಮಗ್ಗುಲು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದ ದಿಬ್ಬವನ್ನು 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ವಜ್ಞರು ಎಂ.ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಅಗೆದಾಗ ಬೌದ್ಧ ಚೈತ್ಯ ಮತ್ತು ವಿಹಾರಗಳ ತಳಪಾಯ ಕಾಣಿಸಿತು. ಅದಕ್ಕಿಂತಲೂ ಗಮನ ಸೆಳೆದದ್ದು ರಾಶಿರಾಶಿಯಾಗಿ ಸಿಕ್ಕ ಪುಟ್ಟ ಮಣ್ಣಿನ ಹರಕೆ ಸ್ತೂಪಗಳು. ಅವುಗಳ ಒಡಲಲ್ಲಿ ಧರ್ಮಸೂತ್ರವನ್ನು ಅಚ್ಚೊತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಯಾರೂ ಓದಲೆಂದು ಬರೆದ ಬರಹವಲ್ಲ ಅದು. ಪುಣ್ಯಕ್ಕೆಂದು ಮಣ್ಣಿನೊಳಗೆ ಮುಚ್ಚಿಟ್ಟದ್ದು. ಹಾಗೆ ಮುಚ್ಚಿಟ್ಟದ್ದರಿಂದಲೇ ಭಕ್ತರ ಹರಕೆಯ ಜೊತೆಗೆ ಮಣ್ಣು ಹದ ಮಾಡಿದವರ, ಅಚ್ಚು ಕೆತ್ತಿದವರ ಕೈಕೆಲಸವೂ ಸಾವಿರಕ್ಕೂ ಹೆಚ್ಚು ವರ್ಷ ಉಳಿದು ಬಂತು. ದತ್ತಿಶಾಸನಗಳಲ್ಲಿ ಅರಸರು, ದಾನಿಗಳು ಎದ್ದು ಕಾಣುತ್ತಾರೆ. ದಿನಗೂಲಿಯವರು, ಸಣ್ಣ ವರ್ತಕರು, ಕುಶಲಕರ್ಮಿಗಳು ಉಳಿಯಬೇಕಾದರೆ ಹಲವು ಸಲ ಇಂಥ ಧಾರ್ಮಿಕ ರೂಢಿಯ ಆಸರೆಯೇ ಬೇಕು. ಕರ್ನಾಟಕದ ಪೇಟೆಯೊಂದರಲ್ಲಿ ಯಹೂದಿಗಳ ದಿನನಿತ್ಯದ ಬದುಕು ಹೇಗಿತ್ತು ಎಂಬುದು ನಮಗೆ ತಿಳಿದಿರುವುದೂ ಇಂಥದೇ ಒಂದು ರೂಢಿಯಿಂದ. ಆ ಪೇಟೆ ಹನ್ನೆರಡನೆಯ ಶತಮಾನದ ಮಂಗಳೂರು.

ದೇವರ ಹೆಸರು ಇರಬಹುದಾದ ಯಾವ ಬರಹವನ್ನೂ ಹರಿದು ಬಿಸಾಡಬಾರದೆಂಬುದು ಯಹೂದಿಗಳ ನಿಯಮ. ಈಜಿಪ್ಟಿನ ಹಳೆಯ ಕೈರೋ, ಅಂದರೆ ಫುಸ್ತಾತಿನ, ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಇಂಥ ಹಳೆಯ ಕಾಗದಗಳನ್ನು ತುಂಬಿಡಲೆಂದೇ ಗೆನಿಜಾ ಎಂಬ ಕೋಣೆಯಿತ್ತು. ಧರ್ಮಗ್ರಂಥದ ಹರಿದ ಪುಟಗಳ ಜೊತೆಗೆ ಲೆಕ್ಕದ ಚೀಟಿ, ಮದುವೆಯ ಕರಾರು, ವ್ಯಾಪಾರದ ಓಲೆಗಳೂ ಅಲ್ಲಿಗೆ ಬಂದು ಬಿದ್ದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅವುಗಳ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಎಸ್.ಡಿ. ಗೊಯ್ಟೈನ್ ಆ ತುಣುಕುಗಳಿಂದ ಹಿಂದೂ ಮಹಾಸಾಗರದ ವರ್ತಕರ ಕಾಗದಗಳನ್ನು ಹೆಕ್ಕುತ್ತಾ ದಶಕಗಳನ್ನೇ ಕಳೆದರು. ಅವರು ತೀರಿಕೊಂಡ ಮೇಲೆ ಎಂ.ಎ. ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ 2008ರಿಂದ ಅಚ್ಚಿಗೆ ತಂದರು. ಆ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಅಬ್ರಹಾಂ ಬೆನ್ ಯಿಜು. ಟುನೀಶಿಯಾದ ಮಹ್ದಿಯಾ ಊರಿನವನು, ಧರ್ಮಪಂಡಿತನ ಮಗ. ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು 1132ರಿಂದ 1149ರವರೆಗಿನ ಬಹುಪಾಲು ವರ್ಷಗಳನ್ನು ಈ ಕರಾವಳಿಯಲ್ಲೇ ಕಳೆದ. ಅವನ ಕಾಗದಗಳನ್ನು ಓದಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆಂದು ನಾನು ನಂಬಿದ್ದೇನೆ: ಧರ್ಮದಲ್ಲಿ ಕಟ್ಟುನಿಟ್ಟಾಗಿರುವುದೂ ಅನ್ಯಧರ್ಮೀಯರೊಡನೆ ಬಿಚ್ಚುಮನಸ್ಸಿನಿಂದ ವ್ಯವಹರಿಸುವುದೂ ಅವನ ಬದುಕಿನಲ್ಲಿ ಎದುರುಬದುರು ನಿಂತಿರಲಿಲ್ಲ, ಒಂದರ ಶಿಸ್ತೇ ಇನ್ನೊಂದಕ್ಕೆ ಬಲ ಕೊಟ್ಟಿತು.

ಮೊದಲು ಅವನ ಕಸುಬನ್ನು ನೋಡೋಣ. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಅವನಿಂದ ಏಡನ್ನಿಗೆ ಹೋಗುತ್ತಿದ್ದವು. ಅಷ್ಟೇ ಆಗಿದ್ದರೆ ಅವನು ಹತ್ತರಲ್ಲಿ ಹನ್ನೊಂದನೆಯ ಮೆಣಸಿನ ವ್ಯಾಪಾರಿಯಾಗಿ ಉಳಿಯುತ್ತಿದ್ದ. ಆದರೆ ಅವನಿಗೆ ಇಲ್ಲೊಂದು ಕಂಚು-ಹಿತ್ತಾಳೆಯ ಕಾರ್ಖಾನೆಯಿತ್ತು. ಏಡನ್ನಿನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳಿಸಿ, ಇಂಥ ಅಳತೆಯ ತಟ್ಟೆ ಬೇಕು, ಕೈತೊಳೆಯುವ ಬೋಗುಣಿ ಬೇಕು, ದೀಪ ಬೇಕು, ಬೀಗ ಬೇಕು ಎಂದು ಬರೆಯುತ್ತಿದ್ದರು. ಮಂಗಳೂರಿನ ಕಂಚುಗಾರರು ಅವನ್ನು ಕರಗಿಸಿ ಎರಕ ಹೊಯ್ದು ಕೊಡುತ್ತಿದ್ದರು. ಈ ಕುಶಲತೆ ಅವನು ಹೊರಗಿನಿಂದ ತಂದದ್ದಲ್ಲ. ಅವನು ಬರುವುದಕ್ಕೆ ನೂರಅರವತ್ತು ವರ್ಷಕ್ಕೂ ಮೊದಲು, 968ರಲ್ಲಿ, ಆಳುಪ ದೊರೆ ಕುಂದವರ್ಮ ಪ್ರತಿಷ್ಠಾಪಿಸಿದ ಲೋಕೇಶ್ವರನ ಲೋಹಮೂರ್ತಿ ಇಂದಿಗೂ ಕದ್ರಿ ದೇವಸ್ಥಾನದಲ್ಲಿದೆ. ಅಂಥ ಮೂರ್ತಿಯನ್ನು ಎರಕ ಹೊಯ್ಯಬಲ್ಲ ನಾಡಿನಲ್ಲಿ ಏಡನ್ನಿನ ಮನೆಗಳಿಗೆ ಪಾತ್ರೆ ಮಾಡಿಸುವುದು ಅವನಿಗೆ ಲಾಭದ ದಾರಿಯಾಯಿತು. ಬಂಡವಾಳವೂ ಬೇಡಿಕೆಯೂ ಕಡಲಾಚೆಯವು, ಕೈಚಳಕ ಇಲ್ಲಿಯದು.

ಈಗ ಅವನ ಧರ್ಮದ ಬದುಕು. ಏಡನ್ನಿನಿಂದ ಬರುತ್ತಿದ್ದ ಸಾಮಾನುಗಳಲ್ಲಿ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಗಾಜಿನ ಪಾತ್ರೆಗಳ ಜೊತೆಗೆ ಒಳ್ಳೆಯ ಕಾಗದವೂ ಇರುತ್ತಿತ್ತು. ಗೆಳೆಯರು ಅದನ್ನು ಉಡುಗೊರೆಯಾಗಿಯೇ ಕಳಿಸುತ್ತಿದ್ದರು. ತಾಳೆಗರಿಯ ನಾಡಿನಲ್ಲಿ ಅದಕ್ಕೆ ಬೆಲೆ ಹೆಚ್ಚು. ಹಾಗಾಗಿ ಬೆನ್ ಯಿಜು ಬಂದ ಓಲೆಗಳ ಖಾಲಿ ಜಾಗವನ್ನೂ ಬಿಡುತ್ತಿರಲಿಲ್ಲ. ಒಂದು ಮಗ್ಗುಲಲ್ಲಿ ಏಡನ್ನಿನ ವರ್ತಕರ ಮುಖ್ಯಸ್ಥ ಮದ್ಮೂನ್ ಬರೆದ ಸರಕಿನ ಲೆಕ್ಕ. ಇನ್ನೊಂದು ಮಗ್ಗುಲಲ್ಲಿ ಬೆನ್ ಯಿಜುವಿನ ಸ್ವಂತ ಜಮಾಖರ್ಚು, ಹೀಬ್ರೂ ಪದ್ಯದ ಕರಡು, ಧರ್ಮಶಾಸ್ತ್ರದ ಪ್ರಶ್ನೆಗೆ ಬರೆದ ಉತ್ತರ. ಅವನ ಪ್ರಯಾಣದ ಸಾಮಾನಿನ ಪಟ್ಟಿಯೂ ಹೀಗೆ ಒಂದು ಪತ್ರದ ಬೆನ್ನಿಗೇ ಬರೆದದ್ದು. ಅಂಗಡಿಯೂ ಅಧ್ಯಯನವೂ ಒಂದೇ ಹಾಳೆಯನ್ನು ಹಂಚಿಕೊಂಡದ್ದಕ್ಕೆ ಕಾಗದದ ಅಭಾವವೂ ಕಾರಣವಿರಬಹುದು. ಆದರೆ ಬರಹದ ಗುಣ ಬೇರೆಯೇ ಮಾತು ಹೇಳುತ್ತದೆ. ಶಾಸ್ತ್ರದ ಪ್ರಶ್ನೆಗಳಲ್ಲಿ ದೊಡ್ಡ ಭಾಗ ಮದುವೆ, ಸಾಲ, ಪಾಲುದಾರಿಕೆ, ಆಸ್ತಿಗಳಂಥ ಲೋಕವ್ಯವಹಾರಕ್ಕೆ ಸೇರಿದ್ದು. ಯಹೂದಿ ಧರ್ಮದಲ್ಲಿ ಪ್ರಾರ್ಥನೆಯಷ್ಟೇ ಕರಾರೂ ದೇವರ ಕಟ್ಟಳೆಗೆ ಒಳಪಟ್ಟದ್ದು. ಒಬ್ಬ ವರ್ತಕ ಶಾಸ್ತ್ರ ಬಲ್ಲವನಾಗಿದ್ದರೆ ಅವನ ಸಹಿಗೂ ತೂಕ ಬರುತ್ತಿತ್ತು.

ಆ ಕಟ್ಟಳೆಯ ಬಲ ಎಷ್ಟೆಂಬುದಕ್ಕೆ 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ದಾಖಲೆಯೇ ಸಾಕ್ಷಿ. ಅಶು ಎಂಬ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ ಅದು. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರನ್ನು ಅದು ಕೊಡುತ್ತದೆ. ಮುಂದೆ ಅವಳೇ ಅವನ ಹೆಂಡತಿಯಾಗಿ ಮಕ್ಕಳನ್ನು ಹೆತ್ತಳೆಂದು ಗೊಯ್ಟೈನ್ ತರ್ಕಿಸಿದರು. ಯಹೂದಿ ನ್ಯಾಯದ ಪ್ರಕಾರ ಬಿಡುಗಡೆಯಾದ ದಾಸಿ ಸಮುದಾಯದ ಪೂರ್ಣ ಸದಸ್ಯಳು. ಮಗುವಿನ ಧರ್ಮ ತಾಯಿಯಿಂದ ಬರುತ್ತದೆ. ಕಡಲು ದಾಟಿ ಬಂದ ಒಂಟಿ ಗಂಡಸು ಇಂಥ ಪತ್ರ ಬರೆಯದಿದ್ದರೂ ಮಂಗಳೂರಿನಲ್ಲಿ ಅವನನ್ನು ಕೇಳುವವರು ಯಾರಿದ್ದರು? ಆದರೂ ಅವನು ಬರೆದ, ಕಾಪಾಡಿಕೊಂಡ, ಕೊನೆಗೆ ಫುಸ್ತಾತಿಗೂ ಒಯ್ದ. ಊರ ಹೆಣ್ಣಿನೊಡನೆ ಬಾಳಿದ್ದೂ ಶಾಸ್ತ್ರದ ಗೆರೆ ದಾಟದಿರಲು ಎಚ್ಚರ ವಹಿಸಿದ್ದೂ ಒಬ್ಬನೇ. 1156ರಲ್ಲಿ ಅವನ ಮಗಳು ಫುಸ್ತಾತಿನಲ್ಲಿ ದೊಡ್ಡಪ್ಪನ ಅಥವಾ ಚಿಕ್ಕಪ್ಪನ ಮಗನನ್ನು ಮದುವೆಯಾಗಿ ಸಮುದಾಯದೊಳಗೆ ನೆಲೆ ಕಂಡದ್ದಕ್ಕೆ ಈ ಎಚ್ಚರವೇ ಬುನಾದಿ.

ಇಂಥವನ ವ್ಯಾಪಾರ ಸ್ವಧರ್ಮೀಯರಿಗಷ್ಟೇ ಸೀಮಿತವಾಗಿರಬೇಕು ಎಂದುಕೊಳ್ಳುವುದು ಸಹಜ. ಅರ್ಥಶಾಸ್ತ್ರಜ್ಞ ಅವ್ನರ್ ಗ್ರೈಫ್ 1989ರಲ್ಲಿ ಹೆಚ್ಚುಕಡಿಮೆ ಈ ವಾದವನ್ನೇ ಮಂಡಿಸಿದರು. ಮಘ್ರಿಬಿ, ಅಂದರೆ ಉತ್ತರ ಆಫ್ರಿಕಾ ಮೂಲದ, ಯಹೂದಿ ವರ್ತಕರು ಒಂದು ಒಳಬಳಗವಾಗಿದ್ದರು. ಮೋಸ ಮಾಡಿದವನ ಸುದ್ದಿ ಬಳಗದಲ್ಲಿ ಹಬ್ಬುತ್ತಿತ್ತು, ಮತ್ತೆ ಯಾರೂ ಅವನಿಗೆ ಕೆಲಸ ಒಪ್ಪಿಸುತ್ತಿರಲಿಲ್ಲ. ಆ ಭಯವೇ ನಂಬಿಕೆಯ ಮೂಲ ಎಂದರು. ಮುಂಗಾರಿನ ಲೆಕ್ಕದಲ್ಲಿ ಓಡುವ ಹಡಗುಗಳಿಂದಾಗಿ ಒಂದು ಪ್ರಶ್ನೆಗೆ ಉತ್ತರ ಬರಲು ವರ್ಷ ಹಿಡಿಯುತ್ತಿದ್ದ ಕಾಲದಲ್ಲಿ ಮಾನವೇ ಜಾಮೀನು ಎಂಬುದು ಸರಿ. ಆದರೆ ಬಳಗದ ಬೇಲಿ ಮಂಗಳೂರಿನ ಸಾಕ್ಷ್ಯಕ್ಕೆ ಹೊಂದುವುದಿಲ್ಲ. ಮದ್ಮೂನ್ ಒಂದು ಪತ್ರದಲ್ಲಿ ಮೆಣಸು, ಕಬ್ಬಿಣ ಮುಂತಾದವನ್ನು ತುಂಬಿದ ಹಡಗೊಂದನ್ನು ಮಂಗಳೂರಿನಿಂದ ಏಡನ್ನಿಗೆ ಪಾಲುದಾರಿಕೆಯಲ್ಲಿ ಹೊರಡಿಸುವಂತೆ ಇಲ್ಲಿನ ವರ್ತಕರಿಗೆ ಹೇಳಲು ಬೆನ್ ಯಿಜುವನ್ನು ಕೇಳುತ್ತಾನೆ. ಅವರಲ್ಲಿ ಒಬ್ಬನ ಹೆಸರಿಗೆ ಸೆಟ್ಟಿ ಎಂಬುದು ಅಂಟಿಕೊಂಡಿದೆ, ಇನ್ನೊಬ್ಬ ಬನಿಯಾ. ಇನ್ನೊಂದು ಪ್ರಸಂಗದಲ್ಲಿ ಏಲಕ್ಕಿಗೆ ಮುಂಗಡ ಪಡೆದು ಸರಕು ಕೊಡದೆ ಸತಾಯಿಸಿದ ಇಲ್ಲಿನ ‘ಕಾರ್ದಾರ’ನಿಗೆ, ಏಡನ್ನಿನಲ್ಲಿ ನಿನ್ನ ಹೆಸರು ಕೆಡುತ್ತದೆ ಎಂದು ಹೇಳು ಎಂದು ಏಡನ್ನಿನ ಗೆಳೆಯರು ಬರೆಯುತ್ತಾರೆ. ಈ ಬೆದರಿಕೆಗೆ ಅರ್ಥವಿರಬೇಕಾದರೆ ಕರಾವಳಿಯ ಆ ವ್ಯಕ್ತಿಗೂ ಏಡನ್ನಿನಲ್ಲಿ ಒಂದು ಹೆಸರಿರಬೇಕು, ಅದನ್ನು ಉಳಿಸಿಕೊಳ್ಳುವ ಆಸೆಯಿರಬೇಕು. ಮಾನದ ನ್ಯಾಯ ಯಹೂದಿ ಬಳಗದಲ್ಲಿ ಹುಟ್ಟಿರಬಹುದು, ಅಲ್ಲೇ ನಿಲ್ಲಲಿಲ್ಲ.

ಒಬ್ಬನ ಕಾಗದಗಳಿಂದ ಸಮುದಾಯದ ಚಿತ್ರ ಬಿಡಿಸಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಮಂಗಳೂರಿನಲ್ಲಿ ಆ ಕಾಲದ ಪ್ರಾರ್ಥನಾ ಮಂದಿರದ ಕುರುಹೇನೂ ನಮ್ಮ ಮುಂದಿಲ್ಲ. ಆದರೆ ಇಂಥ ವರ್ತಕರ ಸಮುದಾಯವನ್ನು ಒಂದು ಬೀದಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಂಗಳೂರಿನ ಮನೆ, ಏಡನ್ನಿನ ದಾಸ್ತಾನು ಮಳಿಗೆ, ಫುಸ್ತಾತಿನ ಪ್ರಾರ್ಥನಾ ಮಂದಿರ ಸೇರಿದರೆ ಅದು ಒಂದು ಸಮುದಾಯ. ಅದನ್ನು ಹಿಡಿದಿಟ್ಟದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಪತ್ರವ್ಯವಹಾರ, ಸಮಾನ ನ್ಯಾಯ, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬೀ ಮಾತು.

ಎರಡನೆಯ ಆಕ್ಷೇಪ ಹೆಚ್ಚು ಆಳವಾದದ್ದು. ಈ ಕಾಗದಗಳಲ್ಲಿ ಮಾತಾಡುವವರು ಧಣಿಗಳು ಮಾತ್ರ. ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಸರಕು ಒಯ್ದು ಲೆಕ್ಕ ಒಪ್ಪಿಸಿದ ಬೊಮ್ಮನೂ ದಾಸನೇ. ತಿಂಗಳಿಗೆ ಇಷ್ಟು ದೀನಾರ್ ಎಂದು ಅವನಿಗೆ ಕೊಟ್ಟದ್ದರ ಲೆಕ್ಕ ಸಿಗುತ್ತದೆ. ಪತ್ರಗಳಲ್ಲಿ ಅವನಿಗೆ ಆದರದ ವಂದನೆಗಳೂ ಇವೆ. ಆದರೆ ಅವನು ಬರೆದ ಒಂದು ಸಾಲೂ ನಮ್ಮಲ್ಲಿಲ್ಲ. ಅಮಿತಾವ್ ಘೋಷ್ 1992ರಲ್ಲಿ ಅವನ ಬೆನ್ನುಹತ್ತಿ ಒಂದು ಇಡೀ ಪುಸ್ತಕ ಬರೆದರು. ಅಲ್ಲಿ ಕೂಡ ಅವನನ್ನು ಇತರರ ಬರಹದಿಂದಲೇ ಊಹಿಸಿಕೊಳ್ಳಬೇಕು. ಅಶುವಿನದೂ ಅದೇ ಸ್ಥಿತಿ. ಅವಳ ಬಿಡುಗಡೆಯ ಪತ್ರ ಇದೆ, ಅವಳ ಇಷ್ಟ ಏನಿತ್ತೆಂಬುದು ಅದರಲ್ಲಿಲ್ಲ. ಇದನ್ನು ಮರೆತು ಹಳೆಯ ಮಂಗಳೂರನ್ನು ಸೌಹಾರ್ದದ ಸ್ವರ್ಗವೆಂದು ಹೊಗಳುವುದು ಅವರಿಬ್ಬರಿಗೂ ಮಾಡುವ ಅನ್ಯಾಯ. ನನ್ನ ವಾದ ಅದಲ್ಲ. ಮೇಲುಕೀಳುಗಳು ಇದ್ದವು, ದಾಸ್ಯ ಇತ್ತು. ಆದರೆ ಆ ಮೇಲುಕೀಳಿನ ಗೆರೆ ಧರ್ಮದ ಗೆರೆಯ ಮೇಲೇ ಹಾದುಹೋಗಿರಲಿಲ್ಲ. ಸೆಟ್ಟಿ ಪಾಲುದಾರ, ಕಾರ್ದಾರ ಸಾಲಗಾರ, ಕಂಚುಗಾರ ಕೂಲಿಯವನು, ಬೊಮ್ಮ ದಾಸ. ಯಹೂದಿಯಲ್ಲದವರೆಲ್ಲ ಒಂದೇ ಮೆಟ್ಟಿಲಲ್ಲಿ ಇರಲಿಲ್ಲ.

ಇದೆಲ್ಲ ಬರಿಯ ಲಾಭದ ಲೆಕ್ಕ, ಲಾಭ ನಿಂತರೆ ಸ್ನೇಹವೂ ನಿಲ್ಲುತ್ತಿತ್ತು ಎಂದು ಇನ್ನು ಕೆಲವರು ಹೇಳಬಹುದು. ಲಾಭವಿಲ್ಲದೆ ಯಾರೂ ಕಡಲು ದಾಟುವುದಿಲ್ಲ, ನಿಜ. ಆದರೆ ಲಾಭವೊಂದೇ ಹದಿನೇಳು ವರ್ಷಗಳ ವ್ಯವಹಾರವನ್ನು ಹಿಡಿದಿಡಲಾರದು. ಅದಕ್ಕೆ ಆಶ್ರಯವೂ ಬೇಕು. ಕೇರಳದ ದೊರೆ ಭಾಸ್ಕರ ರವಿವರ್ಮ ಸುಮಾರು 1000ದ ಹೊತ್ತಿಗೆ ಯಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ 72 ಹಕ್ಕುಗಳನ್ನು ತಾಮ್ರಪಟದಲ್ಲಿ ಬರೆದುಕೊಟ್ಟ. ಪಶ್ಚಿಮ ಕರಾವಳಿಯ ಅರಸರಿಗೆ ಪರದೇಶಿ ವರ್ತಕರನ್ನು ಅವರ ಆಚಾರದೊಂದಿಗೇ ಉಳಿಸಿಕೊಳ್ಳುವ ರೀತಿ ಗೊತ್ತಿತ್ತು. ಇದೇ ರೀತಿ ಬಹಳ ಕಾಲದ ನಂತರ, ಬಹಳ ಚಿಕ್ಕ ಅಳತೆಯಲ್ಲಿ, ಬೆಂಗಳೂರಿನಲ್ಲೂ ಕಾಣುತ್ತದೆ. ಬಗ್ದಾದ್ ಮೂಲದ ರೂಬಿನ್ ಮೋಸೆಸ್ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಪಾದರಕ್ಷೆಗಳ ಅಂಗಡಿ ನಡೆಸಿದರು. ನಗರದಲ್ಲಿ ಪ್ರಾರ್ಥನಾ ಮಂದಿರ ಇಲ್ಲದ್ದರಿಂದ ಯಹೂದಿಗಳು ಸೇರಲು ಅವರ ಮನೆಯೇ ಒದಗಿತು. ಮೈಸೂರು ರಸ್ತೆಯಲ್ಲಿ ಈ ಸಣ್ಣ ಸಮುದಾಯದ ರುದ್ರಭೂಮಿಗೆ 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜಾಗ ಕೊಟ್ಟರು. ಸತ್ತವರಿಗೆ ಕೊಡುವ ನೆಲದಿಂದ ಆಳುವವರಿಗೆ ಯಾವ ಸುಂಕವೂ ಬರುವುದಿಲ್ಲ. ಅಲ್ಲಿ ಲಾಭದ ಲೆಕ್ಕಕ್ಕೆ ಮೀರಿದ ಒಂದು ಒಪ್ಪಿಗೆ ಇದೆ: ನಿಮ್ಮ ಕ್ರಮದಲ್ಲೇ ಹುಟ್ಟಿ, ಬಾಳಿ, ಮಣ್ಣಾಗಬಹುದು ಎಂಬ ಒಪ್ಪಿಗೆ.

ಸಣ್ಣ ಸಮುದಾಯಗಳು ನಮ್ಮೊಡನೆ ಬೆರೆಯಬೇಕಾದರೆ ತಮ್ಮ ಆಚಾರವನ್ನು ಸಡಿಲಿಸಬೇಕು ಎಂಬ ಮಾತು ಇಂದು ಬಗೆಬಗೆಯಾಗಿ ಕೇಳಿಬರುತ್ತದೆ. ಆಚಾರವನ್ನು ಕಾಪಾಡಿಕೊಳ್ಳಬೇಕಾದರೆ ಬೆರೆಯಬಾರದು ಎಂಬ ಎದುರು ಮಾತೂ ಅಷ್ಟೇ ಜೋರಾಗಿದೆ. ಬೆನ್ ಯಿಜುವಿನ ಕಾಗದಗಳು ಎರಡನ್ನೂ ಅಲ್ಲಗಳೆಯುತ್ತವೆ. ಅವನ ಶಾಸ್ತ್ರಜ್ಞಾನ ಅವನ ಮಾತಿಗೆ ಬೆಲೆ ತಂದಿತು; ಆ ಬೆಲೆಯಿಂದ ಸೆಟ್ಟಿಗಳೊಡನೆ ಪಾಲುದಾರಿಕೆಯ ದಾರಿ ತೆರೆಯಿತು; ಆ ವ್ಯವಹಾರದ ಗಳಿಕೆಯಿಂದಲೇ ಅವನು 1149ರಲ್ಲಿ ಏಡನ್ನಿಗೆ ಮರಳಿ, ನಾರ್ಮನ್ನರ ದಾಳಿಯಿಂದ ದಿಕ್ಕಾಪಾಲಾಗಿದ್ದ ತನ್ನ ಒಡಹುಟ್ಟಿದವರಿಗೆ ಆಸರೆಯಾಗುತ್ತೇನೆಂದು ಬರೆಯುವಷ್ಟು ಸಮರ್ಥನಾದ. ಧರ್ಮ, ಕಸುಬು, ಊರು, ಬಂಧುಬಳಗ ಒಂದನ್ನೊಂದು ಪೋಷಿಸಿದ ಬದುಕು ಇದು. ಕರ್ನಾಟಕದ ಇತಿಹಾಸವನ್ನು ಶಾಲೆಯಲ್ಲಿ ಹೇಳುವಾಗ ಹೊಯ್ಸಳ ವಿಷ್ಣುವರ್ಧನನ ಯುದ್ಧಗಳ ಜೊತೆಗೆ ಅವನ ಕಾಲದಲ್ಲೇ ಮಂಗಳೂರಿನಲ್ಲಿ ನಡೆದ ಈ ಎರಕದ ಕೆಲಸವನ್ನೂ, ಆ ಬಿಡುಗಡೆಯ ಪತ್ರವನ್ನೂ, ಬಾಕಿ ಉಳಿದ ಏಲಕ್ಕಿಯ ತಕರಾರನ್ನೂ ಹೇಳಬೇಕು. ಬೇರೆಬೇರೆ ನಂಬಿಕೆಯ ಜನ ಒಬ್ಬರ ಮಾತನ್ನೊಬ್ಬರು ನಂಬಿ ಬಾಳಲು ಏನೇನು ಬೇಕಾಗಿತ್ತು, ಅದಕ್ಕೆ ಯಾರು ಎಷ್ಟು ಬೆಲೆ ತೆತ್ತರು ಎಂಬುದನ್ನು ಮಕ್ಕಳು ಯುದ್ಧದ ಪಾಠದಿಂದ ಕಲಿಯಲಾರರು; ಈ ಕಾಗದಗಳಿಂದ ಕಲಿಯಬಲ್ಲರು.