ವಿಧವೆ ಮತ್ತು ಗೃಹಿಣಿ: ಗರ್ಭಪಾತದ ಇತಿಹಾಸದ ಎರಡು ಮುಖಗಳು

ಗರ್ಭವನ್ನು ಕಳೆದುಕೊಳ್ಳಬಯಸುವ ಸ್ತ್ರೀ ಯಾರು? ಹತ್ತೊಂಬತ್ತನೆಯ ಶತಮಾನದ ಭಾರತ ಈ ಪ್ರಶ್ನೆಗೆ ವಿಧವೆಯತ್ತ ಬೆರಳು ತೋರಿತು. 1860ರ ದಂಡಸಂಹಿತೆಯ 312ನೆಯ ಕಲಮು, ಪ್ರಾಣರಕ್ಷಣೆಯ ಸಂದರ್ಭವನ್ನುಳಿದು, ಗರ್ಭಿಣಿಯನ್ನೂ ಅಪರಾಧಿಯೆಂದೇ ಎಣಿಸಿತು. ಗರ್ಭಕ್ಕೆ ಕಾರಣನಾದ ಪುರುಷನ ಮಾತನ್ನು ಅದು ಎತ್ತಲಿಲ್ಲ. ಅವಳನ್ನು ನೂಕುತ್ತಿದ್ದುದು ಅಪಕೀರ್ತಿಯ ಭಯವೆಂಬುದನ್ನು ಅರಿತ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು, 1863ರಲ್ಲಿ ಪುಣೆಯಲ್ಲಿ ವಿಧವೆಯರು ಗುಟ್ಟಾಗಿ ಹೆರಲು ಆಶ್ರಯವೊಂದನ್ನು ತೆರೆದರು. ಸೂರತ್ತಿನ ವಿಧವೆ ವಿಜಯಲಕ್ಷ್ಮಿ ಶಿಶುಹತ್ಯೆಗಾಗಿ ದಂಡನೆಗೊಳಗಾದಾಗ, ತಾರಾಬಾಯಿ ಶಿಂದೆ 1882ರಲ್ಲಿ ‘ಸ್ತ್ರೀಪುರುಷ ತುಲನಾ’ ಬರೆದು ಪುರುಷರನ್ನೇ ಪ್ರಶ್ನಿಸಿದರು.

1964ರಲ್ಲಿ ನೇಮಕಗೊಂಡ ಶಾಂತಿಲಾಲ್ ಷಾ ಸಮಿತಿಯ ವರದಿ ಬೇರೊಂದು ಮುಖವನ್ನು ತೋರಿಸಿತು. ಪ್ರಾಣವನ್ನೇ ಪಣಕ್ಕಿಟ್ಟು ಕಾನೂನುಬಾಹಿರವಾಗಿ ಗರ್ಭ ತೆಗೆಸಿಕೊಳ್ಳುತ್ತಿದ್ದವರಲ್ಲಿ ಬಹುಪಾಲು ವಿವಾಹಿತೆಯರು. ಬಸಿರನ್ನು ಮರೆಮಾಚಬೇಕಾದ ಅಗತ್ಯವೇ ಇಲ್ಲದವರು. 1971ರ ಗರ್ಭಪಾತ ಕಾಯಿದೆ ಆ ಸಮಿತಿಯ ಫಲ. ಆದರೆ ಗರ್ಭನಿರೋಧಕ ವಿಫಲವಾದಾಗಿನ ರಿಯಾಯಿತಿಯನ್ನು ಅದು ವಿವಾಹಿತೆಗೆ ಮಾತ್ರ ನೀಡಿತು. ಆ ಭೇದ ಅಳಿದದ್ದು 2021ರ ತಿದ್ದುಪಡಿಯಲ್ಲಿ.

ಅಹಿಂಸೆಯನ್ನು ವ್ರತವಾಗಿ ಸ್ವೀಕರಿಸಿದ ಜೈನರಿಗೆ ಭ್ರೂಣವೂ ಜೀವವೇ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಆಕೆಯನ್ನು ಆ ಅಂಚಿಗೆ ತಂದು ನಿಲ್ಲಿಸಿದ ಮನೆಯ, ಸಮಾಜದ ಪ್ರಮಾದವನ್ನು ಲೆಕ್ಕಕ್ಕೆ ಹಿಡಿಯದೆ ಅವಳೊಬ್ಬಳನ್ನೇ ಹಿಂಸಕಿಯೆನ್ನುವುದು ಧರ್ಮವಿಚಾರವಾಗಲಾರದು.