ಶಿಕ್ಷಕಿಯ ಸಿದ್ಧತೆ: ಮಾಂಟೆಸ್ಸೊರಿ ತರಬೇತಿಯ ಭಾರತೀಯ ಪರಂಪರೆ ಮತ್ತು ಕನ್ನಡದ ಅಕ್ಷರಗಳು

ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 1907ನೆಯ ಇಸವಿ ಜನವರಿ 6ರಂದು ಡಾ. ಮರಿಯಾ ಮಾಂಟೆಸ್ಸೊರಿಯವರು ತಮ್ಮ ಪ್ರಥಮ ಶಿಶುಗೃಹವನ್ನು ತೆರೆದಾಗ, ಅಲ್ಲಿಯ ಮಕ್ಕಳನ್ನು ನೋಡಿಕೊಳ್ಳಲು ಅವರಿಗೆ ದೊರೆತವಳು ಅಧ್ಯಾಪನ ವೃತ್ತಿಯಲ್ಲಿ ಪಳಗಿದವಳಲ್ಲದ ಒಬ್ಬ ಸಾಮಾನ್ಯ ಹೆಂಗಸು. ಇದನ್ನು ಅವರು ಕೊರತೆಯೆಂದು ಎಣಿಸದೆ, ಶಾಲೆಗಳ ರೂಢಿಯಿಂದ ಕಟ್ಟುಬೀಳದ ಮನಸ್ಸೊಂದು ತಮಗೆ ದೊರೆಯಿತೆಂದು ಸಂತೋಷಪಟ್ಟರು. ಹಾಗಿದ್ದೂ ಎರಡೇ ವರ್ಷಗಳ ಅನಂತರ, 1909ರಲ್ಲಿ, ಚಿತ್ತಾ ದಿ ಕಾಸ್ತೆಲ್ಲೊ ಎಂಬ ಊರಿನಲ್ಲಿ ಅವರೇ ಶಿಕ್ಷಕರಿಗಾಗಿ ತರಬೇತಿಯನ್ನು ಏರ್ಪಡಿಸಿದರು. 1913ರಲ್ಲಿ ರೋಮ್ ನಗರದಲ್ಲಿ ನಾನಾ ದೇಶದವರಿಗಾಗಿ ಅಂತರರಾಷ್ಟ್ರೀಯ ತರಗತಿ ನಡೆಯಿತು. ತರಬೇತಿಯಿಲ್ಲದವಳ ಕೈಯಲ್ಲಿ ಚಿಗುರಿದ ಪದ್ಧತಿಗೆ ಶಿಕ್ಷಕರ ತರಬೇತಿಯೇ ಜೀವಾಳವಾದುದು ಹೇಗೆ ಎಂಬ ಪ್ರಶ್ನೆಯನ್ನು ಹಿಡಿದು ನೋಡಿದರೆ, ಈ ತರಬೇತಿಯ ತಿರುಳು ಉಪಕರಣಗಳ ಪರಿಚಯದಲ್ಲಿಲ್ಲ, ದೊಡ್ಡವರ ಮಾತನ್ನೂ ಕೈಯನ್ನೂ ಸಂಯಮಕ್ಕೆ ಒಳಪಡಿಸುವುದರಲ್ಲಿದೆ ಎಂಬ ನಿಶ್ಚಯಕ್ಕೆ ಬರಬೇಕಾಗುತ್ತದೆ.

ಭರತಖಂಡದಲ್ಲಿ ಈ ವಿಚಾರ ಮೊದಲು ಬೇರೂರಿದುದು ಗ್ರಂಥಗಳ ಮೂಲಕ. ವಕೀಲಿವೃತ್ತಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕಾ ಅವರು ಮಾಂಟೆಸ್ಸೊರಿಯವರ ಪುಸ್ತಕಗಳನ್ನು ಓದಿ, 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ತಾರಾಬಾಯಿ ಮೋಡಕ್ ಅವರೊಡಗೂಡಿ 1926ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿ, ಗುಜರಾತಿ ಮತ್ತು ಮರಾಠಿ ಮಾತಿನ ಸೀಮೆಗಳಲ್ಲಿ ಶಿಕ್ಷಕರನ್ನು ಸಿದ್ಧಗೊಳಿಸಿದರು. ಗಿಜುಭಾಯಿಯವರು ತೀರಿಕೊಂಡ 1939ನೆಯ ವರ್ಷದಲ್ಲಿಯೇ, ಬ್ರಹ್ಮವಿದ್ಯಾ ಸಮಾಜದ ಅಧ್ಯಕ್ಷರಾಗಿದ್ದ ಜಾರ್ಜ್ ಅರುಂಡೇಲರ ಆಹ್ವಾನವನ್ನು ಮನ್ನಿಸಿ, ಅರವತ್ತೊಂಬತ್ತರ ವಯಸ್ಸಿನ ಮಾಂಟೆಸ್ಸೊರಿಯವರು ಮಗ ಮಾರಿಯೋ ಅವರೊಡನೆ ಮದರಾಸಿಗೆ ಬಂದಿಳಿದುದು ಎಂತಹ ಕಾಲಸಂಧಿ!

ಮದರಾಸಿನ ಅಡಿಯಾರಿನಲ್ಲಿ ತೆಂಗಿನ ಗರಿ ಹೊದಿಸಿದ ಗುಡಿಸಲುಗಳ ನಡುವೆ ನಡೆದ ಅವರ ಮೊದಲ ತರಬೇತಿ ತರಗತಿಗೆ ದೇಶದ ನಾನಾ ಭಾಗಗಳಿಂದ ಸುಮಾರು 300 ಮಂದಿ ಬಂದು ಸೇರಿದ್ದರು. ಮಾಂಟೆಸ್ಸೊರಿಯವರು ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಮಾಡುತ್ತಿದ್ದರು. ಮಾರಿಯೋ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕೇಳುತ್ತಿದ್ದವರೋ, ತಮಿಳು, ಗುಜರಾತಿ, ಕನ್ನಡ, ಮರಾಠಿ ಮೊದಲಾದ ಮನೆಮಾತುಗಳವರು. ಕೆಲವು ತಿಂಗಳುಗಳಿಗೆಂದು ಬಂದ ತಾಯಿಮಗನನ್ನು ಎರಡನೆಯ ಮಹಾಯುದ್ಧವು ಇಲ್ಲಿಯೇ ನಿಲ್ಲಿಸಿಬಿಟ್ಟಿತು. 1940ರ ಜೂನ್ ತಿಂಗಳಿನಲ್ಲಿ ಇಟಲಿ ಯುದ್ಧರಂಗಕ್ಕೆ ಇಳಿದೊಡನೆ ಅವರು ಶತ್ರುರಾಷ್ಟ್ರದ ಪ್ರಜೆಗಳೆನಿಸಿದರು. ಮಾರಿಯೋ ಬಂಧನ ಶಿಬಿರಕ್ಕೆ ಹೋಗಬೇಕಾಯಿತು, ತಾಯಿಯ ಸಂಚಾರಕ್ಕೆ ನಿರ್ಬಂಧ ಬಿದ್ದಿತು. ಅದೇ ವರ್ಷದ ಆಗಸ್ಟ್ 31ರಂದು ಆಕೆಗೆ ಎಪ್ಪತ್ತು ತುಂಬುವ ಹೊತ್ತಿಗೆ ಸರ್ಕಾರವು ಮಗನನ್ನು ಬಿಡುಗಡೆ ಮಾಡಿತು. ಅಡಿಯಾರಿನಿಂದ ಕೊಡೈಕೆನಾಲಿಗೂ, ಅಹಮದಾಬಾದು, ಕರಾಚಿ, ಸಿಂಹಳದವರೆಗೂ ತರಗತಿಗಳು ವಿಸ್ತರಿಸಿದುವು. ನಡುವೆ ಯೂರೋಪಿಗೆ ಹೋಗಿಬಂದ ಅವಧಿಯನ್ನು ಬಿಟ್ಟರೆ 1949ರವರೆಗೂ ಅವರ ಕಾರ್ಯಕ್ಷೇತ್ರ ಮುಖ್ಯವಾಗಿ ಈ ನಾಡೇ ಆಗಿದ್ದು, ಸಾವಿರಕ್ಕೂ ಮಿಕ್ಕಿದ ಶಿಕ್ಷಕರು ಅವರಿಂದ ದೀಕ್ಷೆ ಪಡೆದರು. ಅವರ ತರುವಾಯ ಇಲ್ಲಿ ತರಬೇತಿಯ ಹೊಣೆಯನ್ನು ಹೊತ್ತವರು ಅವರ ಸಹಾಯಕರಾಗಿದ್ದ ಆಲ್ಬರ್ಟ್ ಯೋಸ್ಟನ್.

ಈ ತರಬೇತಿಯ ಕ್ರಮವು ಹೊರನೋಟಕ್ಕೆ ಸರಳವಾದುದು: ಉಪನ್ಯಾಸ, ಉಪಕರಣಗಳ ಪ್ರಾತ್ಯಕ್ಷಿಕೆ, ಅವುಗಳ ಅಭ್ಯಾಸ, ಶಿಶುಗೃಹದಲ್ಲಿ ಮಕ್ಕಳ ವೀಕ್ಷಣೆ, ಕೊನೆಗೆ ಲಿಖಿತ ಮತ್ತು ಮೌಖಿಕ ಪರೀಕ್ಷೆ. ಇವುಗಳೊಡನೆ, ಪ್ರತಿಯೊಂದು ಚಟುವಟಿಕೆಯ ಉದ್ದೇಶ, ವಿಧಾನ, ಅದಕ್ಕೆ ಒಪ್ಪುವ ವಯಸ್ಸುಗಳನ್ನು ಅಭ್ಯರ್ಥಿಯು ತನ್ನ ಮಾತುಗಳಲ್ಲಿ, ಚಿತ್ರಸಹಿತವಾಗಿ ಬರೆದಿಡುವ ಆಲ್ಬಮ್ ಒಂದುಂಟು. ತರಬೇತಿ ಪಡೆದವರು ವೃತ್ತಿಯುದ್ದಕ್ಕೂ ಕೈಬಿಡದ ಗ್ರಂಥ ಅದು. ಸಿದ್ಧಪಾಠದ ಅಚ್ಚಿನ ಪ್ರತಿಯನ್ನು ಹಂಚಿ ಈ ಶ್ರಮವನ್ನು ಉಳಿಸಬಹುದಲ್ಲವೆ ಎಂದು ಕೇಳುವವರಿದ್ದಾರೆ. ಆದರೆ ಕುರ್ಚಿಯನ್ನು ಸದ್ದಾಗದಂತೆ ಎತ್ತಿಡುವ ಕ್ರಿಯೆಯೊಂದನ್ನು ಬರೆಯಹೊರಟಾಗಲೇ, ಬೆರಳುಗಳು ಎಲ್ಲಿ ಹಿಡಿದಿದ್ದುವು, ಯಾವ ಕಾಲು ಮೊದಲು ನೆಲ ಮುಟ್ಟಿತು ಎಂಬುದನ್ನು ತಾನು ಗಮನಿಸಿರಲಿಲ್ಲವೆಂಬುದು ಬರೆಯುವವಳಿಗೆ ತಿಳಿದುಬರುತ್ತದೆ. ಆ ತಿಳಿವನ್ನು ಅಚ್ಚಿನ ಪ್ರತಿ ಕೊಡಲಾರದು.

ಪ್ರಾತ್ಯಕ್ಷಿಕೆಯೊಂದನ್ನು ಹತ್ತಿರದಿಂದ ನೋಡೋಣ. ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿಗಳು, ಅವುಗಳಿಗೆ ಸರಿಯಾಗಿ ಹಿಡಿಯುಳ್ಳ ಹತ್ತು ಸಿಲಿಂಡರುಗಳು. ಶಿಕ್ಷಕಿಯು ಮಗುವಿನ ಪಕ್ಕದಲ್ಲಿ ಕುಳಿತು, ಮೂರು ಬೆರಳುಗಳಿಂದ ಹಿಡಿಯನ್ನು ಹಿಡಿದು ಒಂದೊಂದನ್ನೇ ಮೇಲೆತ್ತಿ, ಮೇಜಿನ ಮೇಲೆ ಬೆರಸಿಟ್ಟು, ಮತ್ತೆ ಒಂದೊಂದನ್ನೇ ಅದರದರ ಕುಳಿಗೆ ಇಳಿಸುತ್ತಾಳೆ. ಕೈ ಕೆಲಸ ಮಾಡುತ್ತಿರುವಾಗ ಬಾಯಿ ಆಡುವುದಿಲ್ಲ, ಏಕೆಂದರೆ ಮಾತನ್ನು ಕೇಳುವ ಮಗು ಕೈಯಿಂದ ಕಣ್ಣು ತೆಗೆದು ಮುಖವನ್ನು ನೋಡುತ್ತದೆ. ಅನಂತರ ಮಗುವಿನ ಸರದಿ. ಅದು ತೆಳುವಾದುದನ್ನು ಅಗಲವಾದ ಕುಳಿಗೆ ಇಳಿಸಿದರೆ ಶಿಕ್ಷಕಿ ತಡೆಯತಕ್ಕದ್ದಲ್ಲ. ಕಡೆಗೆ ಯಾವ ಕುಳಿಗೂ ಹೊಂದದ ಸಿಲಿಂಡರೊಂದು ಉಳಿದು, ತಪ್ಪನ್ನು ಮಗುವಿಗೆ ತಾನೇ ತಿಳಿಸುತ್ತದೆ. ಹೆಸರುಗಳನ್ನು ಕಲಿಸುವಲ್ಲಿಯೂ ಇದೇ ನಿಯಮ. ಫ್ರಾನ್ಸಿನ ವೈದ್ಯ ಸೆಗ್ಯಾಂ ಅವರಿಂದ ಮಾಂಟೆಸ್ಸೊರಿಯವರು ಪಡೆದ ಮೂರು ಹಂತಗಳ ಪಾಠದಲ್ಲಿ, ಹಲಗೆಯನ್ನು ಸವರಿಸಿ ಇದು ಒರಟು, ಇದು ನುಣುಪು ಎನ್ನುವುದು ಮೊದಲನೆಯದು. ಒರಟಾದುದನ್ನು ತೋರಿಸು ಎನ್ನುವುದು ಎರಡನೆಯದು. ಇದು ಹೇಗಿದೆ ಎಂದು ಕೇಳುವುದು ಮೂರನೆಯದು. ಎರಡನೆಯ ಹಂತದಲ್ಲಿ ಮಗು ತಪ್ಪಿದರೆ ತಿದ್ದದೆ, ಬೇಸರವನ್ನೂ ತೋರಗೊಡದೆ, ಪಾಠವನ್ನು ಅಲ್ಲಿಗೆ ಮುಗಿಸಿ ಇನ್ನೊಂದು ದಿನಕ್ಕೆ ಬಿಡಬೇಕು.

ಮಗ್ಗಿಯನ್ನು ಒಪ್ಪಿಸಿ, ತಪ್ಪಿದಾಗ ಬೆತ್ತದ ರುಚಿ ಕಂಡು ಬೆಳೆದ ನಮ್ಮವರಿಗೆ ಈ ಮೌನವು ಎಷ್ಟು ಕಷ್ಟಸಾಧ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮೂಲೆಯಲ್ಲಿ ಕುಳಿತು, ಮಗು ಕೆಲಸವನ್ನು ಯಾವಾಗ ಆರಿಸಿಕೊಂಡಿತು, ಎಷ್ಟು ಸಲ ಮಾಡಿತು, ಎಲ್ಲಿ ನಿಲ್ಲಿಸಿತು ಎಂಬಿಷ್ಟನ್ನೇ ಬರೆದುಕೊಳ್ಳುತ್ತ, ಮಗು ಜಾಣ, ಮಗು ಮೊಂಡ ಎಂಬ ತೀರ್ಪುಗಳನ್ನು ಹೊರಗಿಡಬೇಕಾದ ವೀಕ್ಷಣೆಯ ಗಂಟೆಗಳನ್ನು ನಾನು ಇಡೀ ತರಬೇತಿಯಲ್ಲಿ ಅತ್ಯಂತ ಬೆಲೆಯುಳ್ಳವೆಂದು ಎಣಿಸುತ್ತೇನೆ; ಅವಸರದ ತರಗತಿಗಳಲ್ಲಿ ಮೊದಲು ಕತ್ತರಿಗೆ ಸಿಗುವುವೂ ಅವೇ ಎಂಬುದು ನನ್ನ ಮನಸ್ಸಿಗೆ ನೋವಿನ ಸಂಗತಿ. ಬರಿಯ ಉಪಕರಣಗಳನ್ನು ಕೊಂಡು ಕಪಾಟಿನಲ್ಲಿ ಜೋಡಿಸಿದ ಶಾಲೆಯಲ್ಲಿ ಪದ್ಧತಿಯ ಹೆಸರು ಮಾತ್ರ ಉಳಿದೀತು.

ಕನ್ನಡದ ಶಿಕ್ಷಕಿಗೆ ಇದರ ಮೇಲೆ ಇನ್ನೊಂದು ಹೊಣೆಯುಂಟು. ಉಜ್ಜುಕಾಗದದಿಂದ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರವನ್ನು ಮಗು ತೋರುಬೆರಳು ಮತ್ತು ನಡುಬೆರಳುಗಳಿಂದ ಸವರುತ್ತ ಅದರ ಧ್ವನಿಯನ್ನು ಹೇಳುವುದು, ಆಮೇಲೆ ಬಿಡಿ ಅಕ್ಷರಗಳ ಪೆಟ್ಟಿಗೆಯಿಂದ ತನ್ನ ಮನಸ್ಸಿನ ಪದಗಳನ್ನು ಚಾಪೆಯ ಮೇಲೆ ಜೋಡಿಸುವುದು, ಹೀಗೆ ಓದಿಗಿಂತ ಮೊದಲೇ ಬರಹವು ಮೂಡುವುದೆಂಬುದು ಮಾಂಟೆಸ್ಸೊರಿಯವರು ಸಾನ್ ಲೊರೆಂಜೊದಲ್ಲಿ ಕಂಡ ಸತ್ಯ. ಇಟಾಲಿಯನ್ ಲಿಪಿಯಲ್ಲಿ ಒಂದೊಂದು ಧ್ವನಿಗೆ ಒಂದೊಂದು ತುಂಡನ್ನು ಸಾಲಾಗಿ ಇಟ್ಟರೆ ಪದವು ಬಹುಮಟ್ಟಿಗೆ ಸಿದ್ಧ. ಕನ್ನಡದಲ್ಲಿ ‘ಕಮಲ’ ಸುಲಭ. ‘ಕಿಟಕಿ’ಗೆ ಬಂದೊಡನೆ ತಲಕಟ್ಟು ಹೋಗಿ ಗುಡಿಸು ಬರಬೇಕು, ಮಗು ಬೆರಳಿನಿಂದ ಸವರಿ ಕಲಿತ ‘ಕ’ದ ರೂಪವೇ ಅಲ್ಲಿ ಬದಲಾಗುತ್ತದೆ. ನಮ್ಮ ಪಠ್ಯಕ್ರಮಗಳು ಒತ್ತಕ್ಷರಗಳನ್ನು ಕಾಗುಣಿತವೆಲ್ಲ ಮುಗಿದ ಮೇಲೆ ಕೊನೆಗೆ ಇಡುತ್ತವೆ. ಆದರೆ ಮೂರು ನಾಲ್ಕು ವರ್ಷದ ಮಗುವಿನ ಮನಸ್ಸಿನಲ್ಲಿರುವ ಪದಗಳಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ: ಮನೆಯ ಬಳಗದಲ್ಲಿ ಬಹುಪಾಲು ಒತ್ತಿಲ್ಲದೆ ಬರೆಯಲಾಗದವು! ತನಗೆ ಅತ್ಯಂತ ಪ್ರಿಯವಾದವರ ಹೆಸರುಗಳನ್ನು ಕಟ್ಟುವುದಕ್ಕೆ ಮಗು ವರ್ಷಗಟ್ಟಲೆ ಕಾಯಬೇಕೆಂದರೆ, ಮಗುವಿನ ಒಳಗಿನಿಂದ ಬರಹ ಹೊರಡಬೇಕೆಂಬ ಮೂಲತತ್ತ್ವಕ್ಕೇ ಅದು ವಿರೋಧ.

ಆದುದರಿಂದ ಬಿಡಿ ಅಕ್ಷರಗಳ ಕನ್ನಡ ಪೆಟ್ಟಿಗೆಯಲ್ಲಿ ತಲಕಟ್ಟಿಲ್ಲದ ವ್ಯಂಜನರೂಪಗಳು, ಸ್ವರಚಿಹ್ನೆಗಳು, ಒತ್ತುಗಳು ಮೊದಲಿನಿಂದಲೇ ಬೇರೆ ಬೇರೆ ಅಂಕಣಗಳಲ್ಲಿರಬೇಕೆಂದೂ, ‘ಮ’ವನ್ನು ಸವರಿ ಕಲಿತ ಮಗುವಿಗೆ ಅದರ ಒತ್ತನ್ನು ಪರಿಚಯಿಸಲು ವಿಳಂಬಿಸಬಾರದೆಂದೂ ನನ್ನ ಅಭಿಪ್ರಾಯ. ಕನ್ನಡದ ಮಕ್ಕಳಿಗಾಗಿ ಸಿದ್ಧಳಾಗುವ ಶಿಕ್ಷಕಿಯ ಆಲ್ಬಮ್ಮಿನ ಭಾಷಾಭಾಗವು ಇಂಗ್ಲಿಷ್ ಮಾದರಿಯ ಅನುವಾದವಾಗದೆ, ಯಾವ ಅಕ್ಷರದ ಬಳಿಕ ಯಾವುದು, ಯಾವ ಚಿಹ್ನೆ ಎಲ್ಲಿ ಕೂಡುತ್ತದೆ ಎಂಬ ವಿವರಗಳೊಡನೆ ಕನ್ನಡದಲ್ಲಿಯೇ ರಚಿತವಾಗಬೇಕು; ಮಕ್ಕಳು ಚಾಪೆಯ ಮೇಲೆ ತಾವಾಗಿ ಕಟ್ಟಿದ ಪದಗಳನ್ನು ಅಭ್ಯರ್ಥಿಗಳು ವೀಕ್ಷಣೆಯ ಗಂಟೆಗಳಲ್ಲಿ ಇದ್ದಂತೆಯೇ ಬರೆದು ಕೂಡಿಸುತ್ತ ಬಂದರೆ, ಆ ಕ್ರಮವನ್ನು ಗೊತ್ತುಪಡಿಸಲು ಬೇಕಾದ ಸಾಮಗ್ರಿ ಕೆಲವೇ ವರ್ಷಗಳಲ್ಲಿ ಒದಗೀತು.