ಕಲವಾವೊದ ಶವಪೆಟ್ಟಿಗೆಗಳು

ಒಬ್ಬನ ಬಾಳು ಸಾರ್ಥಕವಾಯಿತೇ ಎಂದು ಅಳೆಯುವಾಗ ನಾವು ಮೊದಲು ನೋಡುವುದು ಫಲವನ್ನು. ಈ ಅಳತೆಗೋಲನ್ನು ಮೊಲೊಕಾಯಿಯ ಸಂತ ಡೇಮಿಯನರ ಮುಂದೆ ಹಿಡಿದರೆ ದೊರೆಯುವ ಉತ್ತರ ಕಠೋರವಾದುದು: ಕುಷ್ಠರೋಗಿಗಳ ನಡುವೆ ಹದಿನಾರು ವರ್ಷ ಬಾಳಿದ ಅವರು ಒಬ್ಬರನ್ನೂ ಆ ರೋಗದಿಂದ ಬಿಡಿಸಲಾಗಲಿಲ್ಲ.

ಹವಾಯಿ ರಾಜ್ಯವು 1865ರಲ್ಲಿ ಕುಷ್ಠರೋಗಿಗಳನ್ನು ಬೇರ್ಪಡಿಸುವ ಕಾನೂನು ಮಾಡಿತು. ಮರುವರ್ಷದಿಂದ ಅವರನ್ನು ಹಡಗಿನಲ್ಲಿ ಮೊಲೊಕಾಯಿ ದ್ವೀಪದ ಉತ್ತರದ ಭೂಶಿರಕ್ಕೆ ಸಾಗಿಸತೊಡಗಿದರು. ಮೂರು ಕಡೆ ಸಮುದ್ರ, ಬೆನ್ನಿಗೆ ಗೋಡೆಯಂತೆ ನಿಂತ ಬೆಟ್ಟ. ಹೋದವರು ಮರಳುವ ಮಾತಿರಲಿಲ್ಲ. ಅಲ್ಲಿನ ಕಲವಾವೊ ಎಂಬ ವಸತಿಗೆ 1873ರ ಮೇ 10ರಂದು ಬೆಲ್ಜಿಯಂ ದೇಶದ ಮೂವತ್ತಮೂರು ವರ್ಷದ ಗುರುವೊಬ್ಬರು ಬಂದಿಳಿದರು. ಹವಾಯಿಗೆ ಬರಬೇಕಾಗಿದ್ದವರು ವಾಸ್ತವವಾಗಿ ಅವರ ಅಣ್ಣ. ಅಣ್ಣ ಜ್ವರದಿಂದ ಮಲಗಿದ್ದರಿಂದ ತಮ್ಮನು ಆತನ ಬದಲಿಗೆ ಹಡಗು ಹತ್ತಿದ್ದನು. ಕಲವಾವೊದಲ್ಲಿಯೂ ನಾಲ್ವರು ಗುರುಗಳು ಸರದಿಯಂತೆ ಸೇವೆ ಮಾಡಬೇಕೆಂಬುದು ಧರ್ಮಾಧ್ಯಕ್ಷರ ಯೋಜನೆಯಾಗಿತ್ತು. ಮೊದಲ ಸರದಿಗೆ ಬಂದ ಡೇಮಿಯನರು ಅಲ್ಲಿಯೇ ಉಳಿಯಲು ಅನುಮತಿ ಬೇಡಿದರು.

ಅದೇ 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಗುರುತಿಸಿದರು. ಆದರೆ ಅದನ್ನು ಜಯಿಸುವ ಔಷಧಿ ದೊರೆತದ್ದು 1940ರ ದಶಕದಲ್ಲಿ. ಆಗ ಡೇಮಿಯನರು ತೀರಿಹೋಗಿ ಅರ್ಧ ಶತಮಾನವೇ ಕಳೆದಿತ್ತು.

ಹಾಗಾದರೆ ಅವರು ಮಾಡಿದ್ದೇನು? ಮೊದಲ ದಿನಗಳಲ್ಲಿ ಒಂದು ಕೇದಗೆ ಜಾತಿಯ ಮರದಡಿ ಮಲಗಿದರು. ಹುಣ್ಣುಗಳನ್ನು ತೊಳೆದು ಕಟ್ಟಿದರು, ಮನೆಗಳನ್ನು ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು, ಅನಾಥ ಮಕ್ಕಳನ್ನು ಸಲಹಿದರು. ಸಂತ ಫಿಲೋಮಿನಾ ದೇವಾಲಯವನ್ನು ವಿಸ್ತರಿಸಿದರು. (ಮೈಸೂರಿನವರಿಗೆ ಈ ಹೆಸರು ಪರಿಚಿತ.) ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಇನ್ನೊಂದು ಕೆಲಸದ ಬಳಿ. ಅವರು ಬರುವ ಮುನ್ನ ಅಲ್ಲಿನ ಬಡವರನ್ನು ಪೆಟ್ಟಿಗೆಯೂ ಇಲ್ಲದೆ ಆಳವಿಲ್ಲದ ಗುಂಡಿಗಳಲ್ಲಿ ಹೂಳುತ್ತಿದ್ದರು. ಡೇಮಿಯನರು ಬಡಗಿಯ ಉಳಿ ಹಿಡಿದು ತಾವೇ ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು, ಸ್ಮಶಾನಕ್ಕೆ ಬೇಲಿ ಹಾಕಿದರು, ಪ್ರಾರ್ಥನೆ ಹೇಳಿ ಮಣ್ಣು ಮಾಡಿದರು. ಸಮಾಜವು ಬದುಕಿರುವಾಗಲೇ ಕಳೆದುಕೊಂಡವರೆಂದು ಬಗೆದ ಜನರಿಗೆ ಮನುಷ್ಯರ ಸಾವು ದೊರೆಯಿತು.

ಅವರು ಸೌಮ್ಯ ಸ್ವಭಾವದವರೇನೂ ಆಗಿರಲಿಲ್ಲ. ಮುಂಗೋಪಿ, ಹಟಮಾರಿ ಎಂದು ಮೇಲಧಿಕಾರಿಗಳೇ ದೂರಿದ್ದುಂಟು. ಗಾಯಗಳ ದುರ್ವಾಸನೆಯನ್ನು ತಾಳಲಾರದೆ ಪೈಪು ಸೇದುವ ಅಭ್ಯಾಸ ಮಾಡಿಕೊಂಡರು. ಒಮ್ಮೆ ಮಠದ ಹಿರಿಯರು ಅವರನ್ನು ಕಾಣಬಂದಾಗ ಹಡಗಿನ ನಾಯಕನು ಹಿರಿಯರನ್ನು ಇಳಿಯಗೊಡಲಿಲ್ಲ, ಇವರನ್ನು ಹತ್ತಗೊಡಲಿಲ್ಲ. ಡೇಮಿಯನರು ಕೆಳಗೆ ದೋಣಿಯಲ್ಲಿ ನಿಂತು, ಮೇಲಿದ್ದ ಗುರುವಿಗೆ ಕೇಳಿಸುವಂತೆ ಕೂಗಿ ಫ್ರೆಂಚ್ ಭಾಷೆಯಲ್ಲಿ ಪಾಪನಿವೇದನೆ ಮಾಡಿದರು. ಏಕಾಂತವೆಂಬುದು ಅವರಿಗೆ ಎಷ್ಟು ಭಾರವಾಗಿತ್ತೆಂದು ಈ ಒಂದು ಪ್ರಸಂಗವೇ ಹೇಳುತ್ತದೆ.

1884ರ ಕೊನೆಗೆ ಕಾಲನ್ನು ಬಿಸಿನೀರಿನಲ್ಲಿ ಇಟ್ಟಾಗ ಚರ್ಮ ಸುಟ್ಟರೂ ನೋವು ತಿಳಿಯಲಿಲ್ಲ. ರೋಗ ಖಚಿತವಾದ ಮೇಲೂ ಕೆಲಸ ನಿಲ್ಲಲಿಲ್ಲ. 1889ರ ಏಪ್ರಿಲ್ 15ರಂದು, ನಲವತ್ತೊಂಬತ್ತರ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಬಂದ ಹೊಸತರಲ್ಲಿ ಆಶ್ರಯ ನೀಡಿದ್ದ ಆ ಮರದಡಿಯಲ್ಲಿಯೇ ರೋಗಿಗಳು ಅವರನ್ನು ಸಮಾಧಿ ಮಾಡಿದರು.

ಬೆಲ್ಜಿಯಂ ಸರಕಾರವು 1936ರಲ್ಲಿ ಅವರ ಪಾರ್ಥಿವ ಶರೀರವನ್ನು ತಾಯ್ನಾಡಿಗೆ ಒಯ್ದಿತು. 2009ರ ಅಕ್ಟೋಬರ್ 11ರಂದು ಅವರಿಗೆ ಸಂತ ಪದವಿ ದೊರೆಯಿತು. ಅದಕ್ಕೂ ಮುನ್ನ, 1995ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿದಾಗ, ಕಲವಾವೊದ ಆ ಹಳೆಯ ಸಮಾಧಿಗೆ ಅವರ ಒಂದು ಅವಶೇಷವನ್ನು ಮರಳಿ ತಂದು ಹೂಳಲಾಯಿತು: ಅವರ ಬಲಗೈ.